ಹೊಟ್ಟೆನೋವಿಗೆ ಕಾರಣ ಸಿಗದಿದ್ದಾಗ ಕೇಸ್ ಶೀಟಿನಲ್ಲಿ ಏನು ಬರೆಯಬೇಕು?

ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದವರಲ್ಲಿ ಎಷ್ಟೋ ಜನ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮುಗಿಸಿ, ಕಾರಣ ಇಂಥದ್ದೇ ಎಂದು ಗೊತ್ತಾಗದೆ ಮನೆಗೆ ಮರಳುತ್ತಾರೆ. ಇದೇನೂ ಅಪರೂಪವಲ್ಲ. ತುರ್ತು ಚಿಕಿತ್ಸಾ ವಿಭಾಗದಲ್ಲಿ ದಿನವೂ ನಡೆಯುವ ಮಾತು. ಅಂಥವರ ಡಿಸ್ಚಾರ್ಜ್ ಸಮ್ಮರಿಯಲ್ಲಿ ಆರ್10.4 ಎಂಬ ಕೋಡ್ ಇರಬಹುದು. ಹೊಟ್ಟೆನೋವು, ಇಂಥದ್ದೆಂದು ಹೇಳಲಾಗದ್ದು. ಅರ್ಥ ಅಷ್ಟೇ. ಓದಿದವರಿಗೆ ಸಿಟ್ಟು ಬರುತ್ತದೆ. ಹೊಟ್ಟೆನೋವು ಅಂತ ಒಳಗೆ ಹೋಗುವಾಗ ನಾನೇ ಹೇಳಿದ್ದೆನಲ್ಲ, ಅದನ್ನೇ ತಿರುಗಿ ಬರೆದುಕೊಡಲು ಇಷ್ಟೆಲ್ಲ ಪರೀಕ್ಷೆ ಬೇಕಿತ್ತಾ? ಕೇಳುವುದರಲ್ಲಿ ತಪ್ಪಿಲ್ಲ. ಆದರೂ ನನ್ನ ಪ್ರಕಾರ, ಕಾರಣ ಗೊತ್ತಾಗದಿದ್ದಾಗ ಬಾಯಿಗೆ ಬಂದ ಕಾಯಿಲೆಯ ಹೆಸರು ಗೀಚದೆ ಈ ಕೋಡ್ ಹಾಕುವ ವೈದ್ಯರು ರೋಗಿಗೆ ಒಳ್ಳೆಯದನ್ನೇ ಮಾಡುತ್ತಿದ್ದಾರೆ.

ಈ ಕೋಡುಗಳೆಲ್ಲ ಬರುವುದು ಐಸಿಡಿ ಎಂಬ ಪಟ್ಟಿಯಿಂದ. ಜಗತ್ತಿನ ಕಾಯಿಲೆಗಳಿಗೆಲ್ಲ ಅಕ್ಷರ ಮತ್ತು ಅಂಕಿ ಕೊಟ್ಟು ಜೋಡಿಸಿದ ಪಟ್ಟಿ ಅದು. 1893ರಲ್ಲಿ ಫ್ರಾನ್ಸಿನ ಝಾಕ್ ಬೆರ್ತಿಯೋಂ ಮುಂದಿಟ್ಟಾಗ ಅದರಲ್ಲಿ ಇದ್ದದ್ದು ಸಾವಿನ ಕಾರಣಗಳು ಮಾತ್ರ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಗೆ ತೆಗೆದುಕೊಂಡ ಮೇಲೆ ಬದುಕಿರುವವರ ಕಾಯಿಲೆಗಳೂ ಸೇರಿಕೊಂಡವು. ಹತ್ತನೇ ಆವೃತ್ತಿಗೆ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ. ಹನ್ನೊಂದನೆಯದು 2022ರ ಜನವರಿಯಲ್ಲಿ ಜಾರಿಗೆ ಬಂದಿದೆ, ಆದರೆ ಎಷ್ಟೋ ಕಡೆ ಇನ್ನೂ ಹತ್ತನೆಯದೇ ನಡೆಯುತ್ತಿದೆ.

ಇದಕ್ಕೂ ಎಷ್ಟೋ ಹಿಂದೆ, 1665ರ ಪ್ಲೇಗ್ ಕಾಲದಲ್ಲಿ ಲಂಡನ್ನಿನ ವಾರದ ಸಾವಿನ ಪಟ್ಟಿಗಳಲ್ಲಿ 'ಕರುಳು ಹಿಂಡುವ ನೋವು' ಎಂಬುದೇ ಸಾವಿನ ಒಂದು ಕಾರಣವಾಗಿ ಅಚ್ಚಾಗುತ್ತಿತ್ತು. ಒಳಗೆ ಏನಾಗಿತ್ತೋ ಯಾರಿಗೂ ಗೊತ್ತಿಲ್ಲ, ನೋವೇ ಕಾಯಿಲೆಯ ಹೆಸರು. ಈಗಿನ ಪಟ್ಟಿಯಲ್ಲಿ ಇವೆರಡೂ ಬೇರೆ ಬೇರೆ. ಅಪೆಂಡಿಕ್ಸ್ ಉರಿಯೂತ ಕೆ35, ಪಿತ್ತಕೋಶದ ಕಲ್ಲು ಕೆ80, ಮೂತ್ರಪಿಂಡ ಮತ್ತು ಮೂತ್ರನಾಳದ ಕಲ್ಲು ಎನ್20. ಇವು ಕಾಯಿಲೆಗಳು. ಇನ್ನೂ ಕಾಯಿಲೆ ಎಂದು ಹೇಳಲಾಗದ ಲಕ್ಷಣಗಳಿಗೆ ಆರ್ ಅಕ್ಷರದ ಬೇರೊಂದು ಅಧ್ಯಾಯವೇ ಇದೆ. ಹೊಟ್ಟೆನೋವು ಅಲ್ಲಿ ಆರ್10.

ಹೊಟ್ಟೆಯ ವಿಷಯದಲ್ಲಿ ಇಷ್ಟು ಎಚ್ಚರಿಕೆ ಯಾಕೆ ಬೇಕು ಅಂದರೆ, ಹೊಟ್ಟೆಯೊಳಗಿನ ಅಂಗಗಳಿಗೆ ತಾವು ಎಲ್ಲಿದ್ದೇವೆ ಎಂದು ಸರಿಯಾಗಿ ಹೇಳಲು ಬರುವುದಿಲ್ಲ. ಬೆರಳಿಗೆ ಮುಳ್ಳು ಚುಚ್ಚಿದರೆ ಕಣ್ಣು ಮುಚ್ಚಿಕೊಂಡೇ ಜಾಗ ತೋರಿಸುತ್ತೇವೆ. ಕರುಳಿನ ನರಗಳು ಹಾಗಲ್ಲ. ಅವು ಸಂಖ್ಯೆಯಲ್ಲಿ ಕಡಿಮೆ, ಜೊತೆಗೆ ಬೇರೆ ಜಾಗದ ನರಗಳು ಬಂದು ಸೇರುವ ಬೆನ್ನುಹುರಿಯ ಭಾಗಕ್ಕೇ ಇವೂ ಬಂದು ಸೇರುತ್ತವೆ, ಹಾಗಾಗಿ ಮೆದುಳಿಗೆ ಗೊಂದಲ. ಅಪೆಂಡಿಕ್ಸ್ ಇರುವುದು ಬಲಗಡೆ ಕೆಳಹೊಟ್ಟೆಯಲ್ಲಿ. ಆದರೆ ಅದು ಊದಿಕೊಂಡಾಗ ಎಷ್ಟೋ ಜನರಿಗೆ ಮೊದಲು ನೋವು ಬರುವುದು ಹೊಕ್ಕುಳ ಸುತ್ತ. ಕೆಲವು ಗಂಟೆಗಳ ನಂತರ ಉರಿಯೂತ ಹೊಟ್ಟೆಯ ಒಳಗೋಡೆಯ ಪೊರೆಯನ್ನು ಮುಟ್ಟಿದಾಗ ಮಾತ್ರ ನೋವು ಬಲಗಡೆಗೆ ಇಳಿದು ಒಂದೇ ಜಾಗದಲ್ಲಿ ನಿಲ್ಲುತ್ತದೆ, ಯಾಕೆಂದರೆ ಆ ಪೊರೆಗೆ ಚರ್ಮದಂತೆಯೇ ಜಾಗ ಗುರುತಿಸುವ ನರಗಳಿವೆ. ಒತ್ತಿದರೆ ಅತಿ ಹೆಚ್ಚು ನೋಯುವ ಆ ಜಾಗವನ್ನು ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ಮೆಕ್‌ಬರ್ನಿ 1889ರಲ್ಲೇ ವಿವರಿಸಿದ್ದರು. ಪಿತ್ತಕೋಶದ ನೋವು ಬಲ ಭುಜಕ್ಕೆ ಹೋಗುತ್ತದೆ. ಮೇದೋಜೀರಕ ಗ್ರಂಥಿಯದ್ದು ಬೆನ್ನಿಗೆ. ಹೃದಯಾಘಾತವೇ ಕೆಲವರಲ್ಲಿ ಮೇಲ್ಹೊಟ್ಟೆಯ ನೋವಾಗಿ ಕಾಣಿಸಿಕೊಳ್ಳುತ್ತದೆ.

ಅಮೆರಿಕದಲ್ಲಿ ಬಳಸುವ ಐಸಿಡಿ ಇನ್ನಷ್ಟು ಸೂಕ್ಷ್ಮ. ಅಲ್ಲಿನ ಲೆಕ್ಕದಲ್ಲಿ ಒಬ್ಬರೇ ರೋಗಿಗೆ ಬೆಳಗ್ಗೆ ಹೊಕ್ಕುಳ ಸುತ್ತಿನ ನೋವು ಆರ್10.33, ಸಂಜೆ ಬಲ ಕೆಳಹೊಟ್ಟೆಯ ನೋವು ಆರ್10.31, ಮರುದಿನ ಸ್ಕ್ಯಾನ್ ಆದ ಮೇಲೆ ಕೆ35 ಆಗಬಹುದು. ಆಯಾ ಹೊತ್ತಿಗೆ ಮೂರೂ ಸರಿ. ಕಾಯಿಲೆ ಖಚಿತವಾದ ಮೇಲೆ ಹೊಟ್ಟೆನೋವಿನ ಕೋಡನ್ನು ಬಿಟ್ಟುಬಿಡಬೇಕು, ನೋವು ಆ ಕಾಯಿಲೆಯಲ್ಲೇ ಸೇರಿದೆ ಅಲ್ವಾ. ಖಚಿತವಾಗದಿದ್ದರೆ? ಅಲ್ಲಿನ ಹೊರರೋಗಿ ವಿಭಾಗದ ನಿಯಮ ಸ್ಪಷ್ಟವಾಗಿದೆ: ವೈದ್ಯರು 'ಅಪೆಂಡಿಕ್ಸ್ ಇರಬಹುದು' ಎಂದು ಬರೆದಿದ್ದರೆ ಅಪೆಂಡಿಕ್ಸ್ ಕೋಡ್ ಹಾಕುವಂತಿಲ್ಲ, ಕಂಡ ಲಕ್ಷಣಕ್ಕೆ ಮಾತ್ರ ಕೋಡ್. ವಾರ್ಡಿನಲ್ಲಿ ದಾಖಲಾದವರಿಗೆ ಮಾತ್ರ, ಬಿಡುಗಡೆಯ ಹೊತ್ತಿಗೂ ಅನುಮಾನ ಉಳಿದಿದ್ದರೆ, ಕಾಯಿಲೆ ಇದೆ ಎಂದೇ ಕೋಡ್ ಮಾಡುತ್ತಾರೆ. ನನಗೆ ಮೊದಲನೆಯ ನಿಯಮವೇ ಹೆಚ್ಚು ಸರಿ ಅನಿಸುತ್ತದೆ.

ಯಾಕೆಂದರೆ ದಾಖಲೆಗೆ ಒಮ್ಮೆ ಸೇರಿದ ಹೆಸರು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ರಾತ್ರಿ ಪಾಳಿಯಲ್ಲಿ ಯಾರೋ ಅವಸರದಲ್ಲಿ 'ಗ್ಯಾಸ್ಟ್ರೈಟಿಸ್' ಎಂದು ಬರೆದರು ಅನ್ನಿ. ಎರಡು ದಿನ ಬಿಟ್ಟು ಅದೇ ರೋಗಿ ಇನ್ನೂ ಜಾಸ್ತಿ ನೋವಿನಿಂದ ಬಂದಾಗ ಮುಂದಿನ ವೈದ್ಯರ ಕಣ್ಣಿಗೆ ಮೊದಲು ಬೀಳುವುದೇ ಆ ಹೆಸರು, ಅವರು ಅದಕ್ಕೇ ಮಾತ್ರೆ ಹೆಚ್ಚಿಸುತ್ತಾರೆ, ಅಷ್ಟರಲ್ಲಿ ಒಳಗಿನ ಅಪೆಂಡಿಕ್ಸ್ ಒಡೆಯುವ ಹಂತಕ್ಕೆ ಬಂದಿರಬಹುದು. 'ಕಾರಣ ಇನ್ನೂ ಗೊತ್ತಾಗಿಲ್ಲ' ಎಂದು ಬರೆದಿದ್ದರೆ ಎರಡನೆಯವರು ಮೊದಲಿನಿಂದ ಹುಡುಕುತ್ತಿದ್ದರು.

ಹಾಗಂತ ಸುಮ್ನೆ ಎಲ್ಲರಿಗೂ ಅಮೆರಿಕದ ಪಟ್ಟಿಯ ಆರ್10.9, ಅಂದರೆ ಬರೀ 'ಹೊಟ್ಟೆನೋವು', ಎಂದು ಹಾಕಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕಾರಣ ಗೊತ್ತಿಲ್ಲದಿರಬಹುದು, ಜಾಗವಂತೂ ಗೊತ್ತಿರುತ್ತದಲ್ಲ. ರೋಗಿ ಹೇಳುವ ನೋವು ಒಂದು, ವೈದ್ಯರು ಕೈಯಿಂದ ಒತ್ತಿದಾಗ ಕಾಣುವ ನೋವು ಇನ್ನೊಂದು, ಒತ್ತಿ ಥಟ್ಟನೆ ಕೈ ತೆಗೆದಾಗ ಬರುವ ನೋವು ಮತ್ತೊಂದು. ಅಮೆರಿಕದ ಪಟ್ಟಿಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಕೋಡುಗಳಿವೆ, ಅದೂ ಹೊಟ್ಟೆಯ ಯಾವ ಮೂಲೆ ಎನ್ನುವ ಸಮೇತ. ಕೊನೆಯದು ಒಳಗಿನ ಪೊರೆ ಕೆರಳಿದೆ ಎಂಬ ಸೂಚನೆ, ಅದನ್ನು ಬರೆಯದೆ ಬಿಟ್ಟರೆ ದೊಡ್ಡ ಸುಳಿವೇ ಕಳೆದುಹೋಗುತ್ತದೆ. ಇಲ್ಲಿ ಕೋಡರ್‌ಗಳನ್ನು, ಅಂದರೆ ಕೇಸ್ ಶೀಟ್ ಓದಿ ಕೋಡ್ ಹಾಕುವ ಸಿಬ್ಬಂದಿಯನ್ನು, ದೂರಿ ಫಲವಿಲ್ಲ. ಅವರು ರೋಗಿಯನ್ನು ನೋಡಿರುವುದಿಲ್ಲ. ಕೇಸ್ ಶೀಟಿನಲ್ಲಿ ಇದ್ದದ್ದಕ್ಕೆ ಮಾತ್ರ ಕೋಡ್ ಹಾಕಬೇಕು, ಸ್ಕ್ಯಾನ್ ರಿಪೋರ್ಟ್ ನೋಡಿ ತಾವೇ ಕಾಯಿಲೆ ಊಹಿಸುವಂತಿಲ್ಲ. ಹೆಚ್ಚೆಂದರೆ ವೈದ್ಯರನ್ನು ಕೇಳಬಹುದು.

ಒಳ್ಳೆಯ ಕೇಸ್ ಶೀಟಿನಲ್ಲಿ ನೋವು ಯಾವಾಗ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹೋಯಿತು, ಬಿಟ್ಟು ಬಿಟ್ಟು ಬರುತ್ತದೋ ಒಂದೇ ಸಮ ಇರುತ್ತದೋ, ಅಲುಗಾಡಿದರೆ ಹೆಚ್ಚುತ್ತದೋ ಎಂಬುದೆಲ್ಲ ಇರುತ್ತದೆ. ಇಲ್ಲದ್ದನ್ನೂ ಬರೆದಿರುತ್ತಾರೆ: ಜ್ವರ ಇಲ್ಲ, ವಾಂತಿ ಇಲ್ಲ, ಹೊಟ್ಟೆ ಗಟ್ಟಿಯಾಗಿಲ್ಲ. ಹೊಟ್ಟೆನೋವಿನ ದಾಖಲೆಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನಿಸುವುದು ಈ 'ಇಲ್ಲ'ಗಳೇ, ಏಕೆಂದರೆ ಮರುದಿನ ಅವುಗಳಲ್ಲಿ ಒಂದು 'ಇದೆ' ಆದರೂ ಏನೋ ಬದಲಾಗಿದೆ ಎಂದು ತಕ್ಷಣ ಗೊತ್ತಾಗುತ್ತದೆ. ರೋಗಿಯೂ ಇದಕ್ಕೆ ಸಹಾಯ ಮಾಡಬಹುದು. 'ಗ್ಯಾಸ್ ಆಗಿದೆ ಡಾಕ್ಟರೇ' ಎಂದು ಕಾರಣವನ್ನು ತಾವೇ ಹೇಳಿಬಿಡುವ ಬದಲು, ನೋವು ಶುರುವಾದ ಹೊತ್ತನ್ನೂ ಮೊದಲು ಕಂಡ ಜಾಗವನ್ನೂ ಹೇಳಿದರೆ ಅದು ಕೇಸ್ ಶೀಟಿಗೆ ಹೋಗುತ್ತದೆ.

ಕಾರಣ ಸಿಗದೆ ಮನೆಗೆ ಹೊರಟವರ ಸಮ್ಮರಿಯಲ್ಲಿ ಇನ್ನೊಂದು ಸಾಲು ಇದೆಯೇ ಎಂದು ನೋಡಿಕೊಳ್ಳಿ: ಮತ್ತೆ ಯಾವಾಗ ಬಂದು ತೋರಿಸಬೇಕು, ಏನಾದರೆ ಅಷ್ಟು ಹೊತ್ತು ಕಾಯದೆ ಬರಬೇಕು. ನೋವು ಬಲಗಡೆ ಕೆಳಗೆ ಇಳಿದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆ ಮುಟ್ಟಲೂ ಆಗದಷ್ಟು ಬಿಗಿಯಾದರೆ, ಮಲದಲ್ಲಿ ರಕ್ತ ಕಂಡರೆ, ತಲೆಸುತ್ತಿ ಬಿದ್ದರೆ. ಆ ಸಾಲು ಇಲ್ಲದಿದ್ದರೆ ಹೊರಡುವ ಮುಂಚೆ ಕೇಳಿ ಬರೆಸಿಕೊಳ್ಳಿ.