ಕಾಡು ಸಾಲ್ಮನ್: ಯಾವ ಕಾಡು?

ಇಂಗ್ಲಿಷಿನ ‘ವೈಲ್ಡ್ ಸಾಲ್ಮನ್’ ಅನ್ನು ಕನ್ನಡದಲ್ಲಿ ‘ಕಾಡು ಸಾಲ್ಮನ್’ ಮಾಡುವುದು ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಸಿಯಾಟಲ್ ಕಡೆ ಇರುವ ಪರಿಚಯದವರೊಬ್ಬರು ಮಕ್ಕಳನ್ನು ಹ್ಯಾಚರಿಗೆ, ಅಂದರೆ ಮೀನಿನ ಮರಿ ಮಾಡಿ ನೀರಿಗೆ ಬಿಡುವ ಕೇಂದ್ರಕ್ಕೆ, ಕರೆದುಕೊಂಡು ಹೋಗಿದ್ದಾರೆ. ಕಾಂಕ್ರೀಟ್ ಮೆಟ್ಟಿಲುಗಾಲುವೆಯಲ್ಲಿ ಎಗರುವ ಮೀನಿನ ಫೋಟೋ ಹಾಕಿ ಕೆಳಗೆ ಬರೆದಿದ್ದಾರೆ: ‘ಕಾಡು ಸಾಲ್ಮನ್‌ಗಳ ತವರುಯಾತ್ರೆ.’ ಹಿಂದಿನ ಗೋಡೆಯ ಮೇಲೆ ಹ್ಯಾಚರಿ ಅಂತ ಬೋರ್ಡೇ ಕಾಣುತ್ತಿದೆ. ಅದೇ ವಾರ ಒಂದು ಅನುವಾದದ ಸುದ್ದಿ ಓದಿದೆ. ಅಲಾಸ್ಕಾದ ‘ಕಾಡಿನಲ್ಲಿ ವಾಸಿಸುವ ಸಾಲ್ಮನ್‌’ಗಳಿಗಾಗಿ ಹೋರಾಡುತ್ತಿರುವವರ ಸುದ್ದಿ ಅದು. ಕಾಡಿನಲ್ಲಿ ವಾಸಿಸುವ ಮೀನು! ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಹುಟ್ಟಿದ ಹೊಳೆಗೇ ಮರಳುವ ಪ್ರಾಣಿ ಕಾಡಿನಲ್ಲಿ ಯಾವಾಗ ವಾಸ ಮಾಡಿತೋ.

ತಪ್ಪು ‘ಕಾಡು’ ಎಂಬ ಪದದ್ದಲ್ಲ. ಅದನ್ನು ನಾವು ಓದುವ ರೀತಿ ಕೆಟ್ಟಿದೆ. ಕಾಡು ಅಂದ ಕೂಡಲೇ ಮರ ಕಣ್ಣಿಗೆ ಬರುತ್ತದೆ ಅಲ್ವಾ? ಹಾಗಾದರೆ ಸುಡುಗಾಡಿನಲ್ಲಿ ಮರ ಎಲ್ಲಿದೆ? ಸುಡು, ಕಾಡು ಎರಡೂ ಸೇರಿ ಆದ ಪದ ಅದು. ಅಲ್ಲಿರುವ ಕಾಡು ಅಂದರೆ ಊರಾಚೆಯ ಜಾಗ, ಅಷ್ಟೇ. ತಮಿಳುನಾಡಿನ ಕೊಯಮತ್ತೂರು ಕಡೆ ರೈತರು ತಮ್ಮ ಮಳೆಯಾಶ್ರಿತ ಹೊಲವನ್ನೇ ‘ಕಾಡು’ ಅನ್ನುತ್ತಾರೆ. ನಮ್ಮಲ್ಲಿ ಈ ಪದದ ಜೋಡಿ ‘ನಾಡು’. ಜನರ ಕೈ ಆಡಿದ್ದು ನಾಡು, ಕೈಗೆ ಸಿಗದೆ ತನ್ನ ಪಾಡಿಗೆ ತಾನಿರುವುದು ಕಾಡು. ಹಿಡಿತವಿಲ್ಲದೆ ಹರಿಯುವ ಮಾತು ಕಾಡುಹರಟೆ. ಅದನ್ನು ಯಾರೂ ಮರದ ಕೆಳಗೆ ಕೂತೇ ಆಡಬೇಕಿಲ್ಲ.

ಹಂದಿಯನ್ನು ತೆಗೆದುಕೊಳ್ಳಿ. ಕಾಡುಹಂದಿ ರಾತ್ರಿ ಬಂದು ನಮ್ಮ ಜೋಳದ ಹೊಲ ಮೇಯುತ್ತಿದ್ದರೂ ಕಾಡುಹಂದಿಯೇ. ಊರಹಂದಿ ತಪ್ಪಿಸಿಕೊಂಡು ಕಾಡು ಸೇರಿದರೆ ಅದನ್ನು ಯಾರೂ ಕಾಡುಹಂದಿ ಅನ್ನುವುದಿಲ್ಲ. ಅಂದರೆ ಇಲ್ಲಿ ‘ಕಾಡು’ ವಿಳಾಸ ಹೇಳುತ್ತಿಲ್ಲ, ಹುಟ್ಟು ಹೇಳುತ್ತಿದೆ. ಇದು ಹಳ್ಳಿಯ ಯಾರಿಗೂ ಗೊತ್ತು. ಅನುವಾದಕ್ಕೆ ಕೂತಾಗ ಮಾತ್ರ ಮರೆತುಹೋಗುತ್ತದೆ.

‘ವನ್ಯ ಸಾಲ್ಮನ್’ ಅಂದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಕಾಡನ್ನು ಸಂಸ್ಕೃತಕ್ಕೆ ದಾಟಿಸಿದರೆ ವನವಾಗುತ್ತದೆ, ಅಷ್ಟೇ. ನಮ್ಮ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಗೆ 2001ರಲ್ಲಿ ತಿಮಿಂಗಿಲ ಶಾರ್ಕ್ ಸೇರಿತು. ಯಾವ ವನದಲ್ಲಿತ್ತೋ ಕೇಳಬೇಡಿ.

ಈಗ ಮೀನಿಗೆ ಬರೋಣ. ಪಂಜರದಲ್ಲಿ ಸಾಕಿ ಮಾರುವ ಸಾಲ್ಮನ್ ವೈಲ್ಡ್ ಅಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಅದನ್ನು ಬಿಡಿ. ಗೊಂದಲ ಇರುವುದು ಹ್ಯಾಚರಿ ಮೀನಿನಲ್ಲಿ. ಬಕೆಟ್‌ನಲ್ಲಿ ಮೊಟ್ಟೆಗೆ ಗಂಡಿನ ಬೀಜ ಬೆರೆಸಿ, ತಟ್ಟೆಯಲ್ಲಿ ಮರಿ ಮಾಡಿ, ತೊಟ್ಟಿಯಲ್ಲಿ ಮೇವು ಹಾಕಿ, ಆಮೇಲೆ ನೀರಿಗೆ ಬಿಡುವ ಮೀನು ಅದು. ಬೆಳೆಯುವುದು ಸಮುದ್ರದಲ್ಲೇ. ಬಲೆಗೆ ಬಿದ್ದಾಗ ಪೊಟ್ಟಣದ ಮೇಲೆ ‘ವೈಲ್ಡ್ ಕಾಟ್’, ಅಂದರೆ ಪಂಜರದ್ದಲ್ಲ, ಹೊರಗೆ ಹಿಡಿದದ್ದು, ಅಂತ ಅಚ್ಚು ಬೀಳುತ್ತದೆ. ಸುಳ್ಳೇನಲ್ಲ, ಹಿಡಿದದ್ದು ಸಮುದ್ರದಲ್ಲೇ. ಆದರೆ ಆ ‘ವೈಲ್ಡ್’ ಹಿಡಿದ ಜಾಗದ ಮಾತು, ಮೀನಿನ ಹುಟ್ಟಿನ ಮಾತಲ್ಲ.

ಗಾಳ ಹಾಕುವವರು ಇದನ್ನು ಕೈಯಲ್ಲೇ ನೋಡುತ್ತಾರೆ. ಸಾಲ್ಮನ್‌ನ ಬೆನ್ನಿನ ದೊಡ್ಡ ರೆಕ್ಕೆಗೂ ಬಾಲಕ್ಕೂ ನಡುವೆ ಬೆರಳ ತುದಿಯಷ್ಟು ಒಂದು ಮೆತ್ತನೆಯ ರೆಕ್ಕೆ ಇರುತ್ತದೆ. ಅನೇಕ ಹ್ಯಾಚರಿಗಳಲ್ಲಿ ಮರಿಯಾಗಿದ್ದಾಗಲೇ ಅದನ್ನು ಕತ್ತರಿಸಿಬಿಡುತ್ತಾರೆ. ಆ ಜಾಗ ಬೋಳಾಗಿದ್ದರೆ ಹ್ಯಾಚರಿಯದು. ರೆಕ್ಕೆ ಇದ್ದರೆ ಮಾತ್ರ ಖಾತ್ರಿ ಹೇಳಲಾಗದು, ಯಾಕೆಂದರೆ ಎಲ್ಲ ಮರಿಗಳಿಗೂ ಕತ್ತರಿ ಆಡುವುದಿಲ್ಲ.

ಕೆನಡಾ ಸರ್ಕಾರ 2005ರ ತನ್ನ ವೈಲ್ಡ್ ಸಾಲ್ಮನ್ ನೀತಿಯಲ್ಲಿ ಇದಕ್ಕೆ ಗಟ್ಟಿ ವ್ಯಾಖ್ಯೆ ಕೊಟ್ಟಿತು. ಮೀನು ಇಡೀ ಬಾಳನ್ನು ತನ್ನ ಪಾಡಿಗೆ ಕಳೆದಿರಬೇಕು. ಅದರ ಅಪ್ಪ ಅಮ್ಮ ಕೂಡ ಹೊಳೆಯಲ್ಲೇ ಇಟ್ಟ ಮೊಟ್ಟೆಯಿಂದ ಬಂದು ಹಾಗೆಯೇ ಬದುಕಿರಬೇಕು. ಥೇಟ್ ನಮ್ಮ ಕಾಡುಹಂದಿ ಲೆಕ್ಕ.

ಸುಮ್ನೆ ಪದದ ಜಗಳ ಅನ್ನಿಸಿದರೆ ಟಾಕು ನದಿ ನೋಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹುಟ್ಟಿ, ಗಡಿ ದಾಟಿ, ಅಮೆರಿಕದ ಅಲಾಸ್ಕಾದ ಜೂನೋ ಹತ್ತಿರ ಸಮುದ್ರ ಸೇರುತ್ತದೆ. ಅದರ ದಕ್ಷಿಣಕ್ಕೆ ಸ್ಟಿಕೀನ್, ಯೂನಕ್ ನದಿಗಳೂ ಹಾಗೆಯೇ. ಮೀನು ಹಿಡಿಯುವವರು ಕೆಳಗೂ ಇದ್ದಾರೆ, ಮೇಲೂ ಇದ್ದಾರೆ. ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನ ಗಡಿಯ ಎರಡೂ ಕಡೆ ಇದ್ದಾರೆ. ಆದರೆ ಗಣಿಗಳು ಮೇಲಿವೆ. ಟಾಕುವಿಗೆ ಸೇರುವ ಟಲ್ಸೀಕ್ವಾ ನದಿಯ ದಡದಲ್ಲಿ ಟಲ್ಸೀಕ್ವಾ ಚೀಫ್ ಗಣಿ 1957ರಲ್ಲೇ ಮುಚ್ಚಿತು. ಅದರಿಂದ ಆಮ್ಲದ ನೀರು ಸೋರುವುದು ಮಾತ್ರ ದಶಕಗಳಾದರೂ ನಿಲ್ಲಲಿಲ್ಲ. ಗಂಧಕವಿರುವ ಬಂಡೆಗೆ ಗಾಳಿ, ನೀರು ತಾಗಿದರೆ ಆಮ್ಲವಾಗುತ್ತದೆ. ಆಮ್ಲ ಬಂಡೆಯೊಳಗಿನ ತಾಮ್ರ, ಸತುವನ್ನು ಕರಗಿಸಿ ಹೊರಗೆ ತರುತ್ತದೆ.

ಹೆಣ್ಣು ಸಾಲ್ಮನ್ ಬಾಲದಿಂದ ನುರುಜುಗಲ್ಲನ್ನು ಕೆದಕಿ ಗುಂಡಿ ಮಾಡಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ಕಲ್ಲಿನ ಸಂದಿಯಲ್ಲಿ ತಣ್ಣನೆಯ ನೀರು ಹರಿಯುತ್ತಿದ್ದರೆ ಮೊಟ್ಟೆ ಉಸಿರಾಡುತ್ತದೆ. ರಾಡಿ ಕೂತರೆ ಉಸಿರು ಕಟ್ಟುತ್ತದೆ. ತಾಮ್ರದ ಕಥೆ ಬೇರೆ. ಮೀನನ್ನು ಕೊಲ್ಲುವುದಕ್ಕಿಂತ ಎಷ್ಟೋ ಕಡಿಮೆ ತಾಮ್ರ ನೀರಲ್ಲಿದ್ದರೂ ಮರಿಗಳ ಮೂಗು ಮಂಕಾಗುತ್ತದೆ. ಸಾಲ್ಮನ್ ತನ್ನ ಹೊಳೆ ಹುಡುಕುವುದು ವಾಸನೆಯಿಂದಲೇ.

2014ರ ಆಗಸ್ಟ್ 4ರಂದು ಬ್ರಿಟಿಷ್ ಕೊಲಂಬಿಯಾದ ಮೌಂಟ್ ಪಾಲಿ ಗಣಿಯಲ್ಲಿ, ಅದಿರು ತೆಗೆದು ಉಳಿದ ರಾಡಿಯನ್ನು ತಡೆದಿಡುವ ಅಣೆಕಟ್ಟು ಒಡೆಯಿತು. ಸುಮಾರು 2.5 ಕೋಟಿ ಘನ ಮೀಟರ್ ನೀರು, ರಾಡಿ ಕೊಚ್ಚಿಹೋಯಿತು. ಕುದುರೆಮುಖದ ಲಕ್ಯಾ ಡ್ಯಾಂ ನೋಡಿದವರಿಗೆ ಅದು ಎಂಥ ಕಟ್ಟೆ ಅಂತ ಬಿಡಿಸಿ ಹೇಳಬೇಕಿಲ್ಲ. ಮೌಂಟ್ ಪಾಲಿ ಇರುವುದು ಫ್ರೇಸರ್ ನದಿಯ ಜಲಾನಯನದಲ್ಲಿ, ಆ ನದಿ ಅಲಾಸ್ಕಾ ಕಡೆ ಹೋಗುವುದಿಲ್ಲ. ಆದರೂ ಅಲಾಸ್ಕಾದ ಮೀನುಗಾರರು, ಬುಡಕಟ್ಟುಗಳು ಬೆಚ್ಚಿಬಿದ್ದರು. ಅಂಥದೇ ಕಟ್ಟೆಗಳು ಅವರ ನದಿಗಳ ತಲೆಯ ಮೇಲೂ ಇವೆ, ಇನ್ನಷ್ಟು ಬರಲಿವೆ. ಅಮೆರಿಕ, ಕೆನಡಾ ನಡುವಿನ 1985ರ ಪೆಸಿಫಿಕ್ ಸಾಲ್ಮನ್ ಒಪ್ಪಂದ ಯಾರು ಎಷ್ಟು ಮೀನು ಹಿಡಿಯಬೇಕು ಅಂತ ಹಂಚುತ್ತದೆ, ಗಣಿಗೆ ಅನುಮತಿ ಕೊಡುವುದು ಅದರ ಕೈಯಲ್ಲಿಲ್ಲ. ಗಡಿ ದಾಟುವ ನೀರನ್ನು ಆಚೆಯವರಿಗೆ ಕೇಡಾಗುವಂತೆ ಕೆಡಿಸಬಾರದು ಅಂತ ಇದೇ ಎರಡು ದೇಶಗಳ 1909ರ ಗಡಿನೀರಿನ ಒಪ್ಪಂದ ಹೇಳುತ್ತದೆ. ಆಗ್ನೇಯ ಅಲಾಸ್ಕಾದ ಬುಡಕಟ್ಟುಗಳು ಕೂಡಿ ಮಾಡಿಕೊಂಡ ಆಯೋಗವೂ ಸಾಲ್ಮನ್ ಬಿಯಾಂಡ್ ಬಾರ್ಡರ್ಸ್ ಅನ್ನುವ ಚಳವಳಿಯೂ ಕೇಳುತ್ತಿರುವುದು ಆ ಮಾತನ್ನು ನಡೆಸಿಕೊಡಿ ಅಂತ.

ನದಿ ಕೆಟ್ಟರೆ ಹ್ಯಾಚರಿ ಕಟ್ಟಿಸಿಕೊಂಡರಾಯಿತು ಅನ್ನುವ ಮಾತು ಇವರ ಹತ್ತಿರ ನಡೆಯದಿರುವುದು ‘ವೈಲ್ಡ್’ ಪದದ ಈ ಅರ್ಥದಿಂದಲೇ. ತೊಟ್ಟಿಯಿಂದ ಎಷ್ಟು ಮರಿ ಬಿಟ್ಟರೂ ಅವು ಆ ನುರುಜುಗಲ್ಲಿನಲ್ಲಿ ಹುಟ್ಟಿದವಲ್ಲ.

ಇಲ್ಲೂ ಒಂದು ತಿರುವಿದೆ, ಮುಚ್ಚಿಡುವುದಿಲ್ಲ. ಸ್ಟಿಕೀನ್ ಜಲಾನಯನದ ಟಾಲ್ಟನ್ ಸರೋವರದಿಂದ ಸಾಕ್‌ಐ ಜಾತಿಯ ಸಾಲ್ಮನ್ ಮೊಟ್ಟೆಗಳನ್ನು ವಿಮಾನದಲ್ಲಿ ಅಲಾಸ್ಕಾದ ಸ್ನೆಟಿಶಮ್ ಹ್ಯಾಚರಿಗೆ ಒಯ್ಯುತ್ತಾರೆ. ಮರಿಯಾದ ಮೇಲೆ ಕೆನಡಾಕ್ಕೇ ವಾಪಸ್ ತಂದು ಬಿಡುತ್ತಾರೆ. ಗುರುತಿಗೆ ಅಂತ ತೊಟ್ಟಿಯ ನೀರನ್ನು ಲೆಕ್ಕ ಹಾಕಿ ಬೆಚ್ಚಗೆ, ತಣ್ಣಗೆ ಮಾಡುತ್ತಾರೆ. ಮರಿಯ ಕಿವಿಯೊಳಗಿನ ಸಾಸಿವೆಯಂಥ ಕಲ್ಲಿನಲ್ಲಿ ಗೆರೆ ಮೂಡುತ್ತದೆ. ಮೀನು ಸತ್ತ ಮೇಲೆ ಆ ಕಲ್ಲನ್ನು ತೆಗೆದು, ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಗೆರೆ ಓದಬಹುದು. ಅದೇ ಸರೋವರದ ಮೊಟ್ಟೆ, ಅದೇ ರಕ್ತ. ವೈಲ್ಡ್ ಹೌದೋ ಅಲ್ಲವೋ? ಕೆನಡಾದ ವ್ಯಾಖ್ಯೆ ಹಿಡಿದರೆ ಅಲ್ಲ. ಅದು ಹೊಳೆಗೆ ಬಂದು ತಾನೇ ಗುಂಡಿ ಕೆದಕಿ ಮೊಟ್ಟೆ ಇಟ್ಟರೆ ಅದರ ಮಗಳೂ ಅಲ್ಲ. ಮೊಮ್ಮಗಳು ಹೌದು. ಸಿಯಾಟಲ್ ಫೋಟೋದ ಮೀನಿಗೂ ಇದೇ ಲೆಕ್ಕ.