ಹಾರ್ನ್ ಲೋಡೆಡ್ ಸ್ಪೀಕರ್: ಕೊಂಬು ಬಂದ ಪೆಟ್ಟಿಗೆ

ಕಳೆದ ಮಳೆಗಾಲದಲ್ಲಿ ಸೋಮವಾರಪೇಟೆ ಕಡೆಯ ನಮ್ಮ ಮಾವ ಫೋನ್ ಮಾಡಿ, "ಮನೆಗೆ ಹಾರ್ನ್ ಸ್ಪೀಕರ್ ತರೋಣ ಅಂತಿದ್ದೀನಿ, ಏನಂತೀಯ?" ಎಂದು ಕೇಳಿದರು. ಹಿಂದಿನಿಂದ ಅತ್ತೆಯ ದನಿ ಬಂತು: "ಎಲೆಕ್ಷನ್ ಜೀಪಿನ ಮೇಲೆ ಕಟ್ತಾರಲ್ಲ, ಅದಾ? ಮನೆ ಒಳಗಾ?"

ಅತ್ತೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಜೀಪಿನ ಮೇಲಿನ ತಗಡಿನ ಕೊಳವೆಯೂ ಮಾವ ಆಸೆಪಟ್ಟ ಲಕ್ಷಗಟ್ಟಲೆ ಬೆಲೆಯ ಪೆಟ್ಟಿಗೆಯೂ ಒಂದೇ ಕುಲದವು. ತಗಡಿನದು ಬರೀ ಮಾತಿಗಾಗಿ ಹುಟ್ಟಿದ್ದು, ಮನೆಯದು ಸಂಗೀತಕ್ಕಾಗಿ ಪಳಗಿಸಿದ್ದು, ಅಷ್ಟೇ ವ್ಯತ್ಯಾಸ. ಆ ಪಳಗಿಸುವ ಕೆಲಸ ಎಷ್ಟು ಕಷ್ಟ ಎನ್ನುವುದರಲ್ಲೇ ಇದರ ಲಾಭ-ನಷ್ಟದ ಲೆಕ್ಕವೆಲ್ಲ ಇದೆ.

ಹಾರ್ನ್ ಎಂದರೆ ಕೊಂಬು. ಕನ್ನಡದಲ್ಲಿ ಎತ್ತಿಗೂ ಕೊಂಬು, ಮರಕ್ಕೂ ಕೊಂಬು, 'ಕು' ಬರೆಯಲು ಕ-ಕಾರಕ್ಕೂ ಕೊಂಬು. ಕೊಡಗಿನವರಿಗೆ ಇನ್ನೊಂದೂ ಗೊತ್ತು: ಮದುವೆಯಲ್ಲಿ, ಕೈಲ್‌ಪೊಳ್ದಿನಲ್ಲಿ, ಪುತ್ತರಿ ಹಬ್ಬದಲ್ಲಿ ಕೊಟ್ಟು ಎಂಬ ಚರ್ಮವಾದ್ಯದ ಜೊತೆ ಮೊಳಗುವ ಬಾಗಿದ ಕೊಂಬು. ತುಟಿ ಇಡುವ ಕಡೆ ಬೆರಳು ತೂರುವಷ್ಟು ಸಪೂರ, ಇನ್ನೊಂದು ತುದಿಯಲ್ಲಿ ಬಾಯಿ ತೆರೆದ ಅಗಲ. ಹಾರ್ನ್ ಸ್ಪೀಕರಿನ ಆಕಾರವೂ ಅದೇ. ಸಪೂರ ತುದಿಗೆ ಗಂಟಲು ಎಂದೂ ಅಗಲ ತುದಿಗೆ ಬಾಯಿ ಎಂದೂ ಹೆಸರು. ಊದುವವನ ತುಟಿಯ ಜಾಗದಲ್ಲಿ ಒಂದು ಡ್ರೈವರ್. ಇದು ಜೀಪ್ ಓಡಿಸುವ ಡ್ರೈವರ್ ಅಲ್ಲ. ವಿದ್ಯುತ್ತಿಗೆ ತಕ್ಕಂತೆ ಅದುರುವ ತೆಳು ಪೊರೆ, ಅದರ ಹಿಂದೆ ಒಂದು ತಂತಿಸುರುಳಿ, ಒಂದು ಅಯಸ್ಕಾಂತ.

'ಲೋಡೆಡ್' ಅಂದರೆ ಹೊರೆ ಹೊರಿಸಿದ್ದು. ಜನ ಎಡವುವುದು ಈ ಪದದಲ್ಲೇ. ಒಳ್ಳೆಯದಾಗಲಿ ಎಂದು ಹೊರೆ ಹೊರಿಸುವುದು ಹೇಗೆ?

ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಅನ್ನುತ್ತೇವಲ್ಲ, ಮಾಮೂಲಿ ಸ್ಪೀಕರಿನ ಪಾಡು ಅಕ್ಷರಶಃ ಅದೇ. ಅದರ ಕೋನ್, ಅಂದರೆ ಆಲಿಕೆಯಾಕಾರದ ಪೊರೆ, ಗಾಳಿಗೆ ಹೋಲಿಸಿದರೆ ಬಹಳ ಭಾರ. ಅದು ಮುಂದಕ್ಕೆ ನೂಕಿದಾಗ ಗಾಳಿ ಎದುರು ನಿಲ್ಲದೆ ಪಕ್ಕಕ್ಕೆ ಜಾರಿಬಿಡುತ್ತದೆ. ಆಂಪ್ಲಿಫಯರ್ ಕೊಟ್ಟ ಶಕ್ತಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಸದ್ದಾಗುವುದಿಲ್ಲ, ಉಳಿದದ್ದೆಲ್ಲ ತಂತಿಸುರುಳಿ ಬಿಸಿಯಾಗುವುದಕ್ಕೇ ಸರಿ. ಅದೇ ಪೊರೆಯ ಮುಂದೆ ಸಪೂರ ಗಂಟಲೊಂದನ್ನು ಇಟ್ಟರೆ ಗಾಳಿಗೆ ಜಾರಲು ಜಾಗವಿಲ್ಲ. ಅದು ಎದುರು ನಿಂತು ಒತ್ತಡ ಕೊಡುತ್ತದೆ, ಗುದ್ದಿದ್ದಕ್ಕೆ ಫಲ ಸಿಗುತ್ತದೆ. ಆ ಒತ್ತಡದ ಅಲೆ ನಿಧಾನಕ್ಕೆ ಅಗಲವಾಗುವ ದಾರಿಯಲ್ಲಿ ಸಾಗಿ, ಬಾಯಿ ತಲುಪುವಷ್ಟರಲ್ಲಿ ಕೋಣೆಯ ಗಾಳಿಗೆ ಒಗ್ಗಿಕೊಂಡಿರುತ್ತದೆ. ಸಂಪಾಜೆ ಘಾಟಿ ಹತ್ತುವಾಗ ಗೇರ್ ಇಳಿಸುತ್ತೇವಲ್ಲ, ಹಾಗೆ. ಗೇರ್ ಎಂಜಿನ್ನಿಗೆ ಹೊಸ ಬಲ ತುಂಬುವುದಿಲ್ಲ, ಇರುವ ಬಲವನ್ನು ರಸ್ತೆಗೆ ಹೊಂದಿಸುತ್ತದೆ. ಕೊಂಬೂ ಅಷ್ಟೇ, ಗಾಳಿಯ ಗೇರ್ ಬಾಕ್ಸ್. ಈ ಲೆಕ್ಕವನ್ನು ಗಣಿತದ ಸಮೀಕರಣವಾಗಿ 1919ರಲ್ಲಿ ಮುಂದಿಟ್ಟವರು ಅಮೆರಿಕದ ಭೌತವಿಜ್ಞಾನಿ ಆರ್ಥರ್ ಗಾರ್ಡನ್ ವೆಬ್‌ಸ್ಟರ್.

ಗಣಿತ ಬರುವ ಮೊದಲೇ ಕೊಂಬು ಬಂದಿತ್ತು. ಹಳೆಯ ಗ್ರಾಮಫೋನಿಗೆ ಕರೆಂಟೇ ಇರಲಿಲ್ಲ, ಮುಳ್ಳಿನ ಅದುರುವಿಕೆ ಕೋಣೆಗೆಲ್ಲ ಕೇಳುತ್ತಿದ್ದುದು ಆ ಹಿತ್ತಾಳೆ ಹೂವಿನಿಂದಲೇ. 1925ರಲ್ಲಿ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು ಕೊಂಬಿಲ್ಲದ ಕೋನ್ ಸ್ಪೀಕರನ್ನು ಲೋಕಕ್ಕೆ ತೋರಿಸಿದರು. ಇವತ್ತು ನಮ್ಮ ಟೀವಿ, ಕಾರು, ಬ್ಲೂಟೂತ್ ಡಬ್ಬಿಗಳಲ್ಲಿ ಇರುವುದು ಅದರ ಸಂತಾನ. ಟಾಕೀಸಿನವರು ಮಾತ್ರ ಕೊಂಬನ್ನು ಬಿಡಲಿಲ್ಲ. ಆಗಿನ ಆಂಪ್ಲಿಫಯರುಗಳು ಕೊಡುತ್ತಿದ್ದುದು ಬೆರಳೆಣಿಕೆಯ ವ್ಯಾಟ್, ಅಷ್ಟರಲ್ಲೇ ಇಡೀ ಥಿಯೇಟರ್ ತುಂಬಬೇಕಿತ್ತು. ಮನೆಗೆ ಕೊಂಬನ್ನು ಹಟ ಹಿಡಿದು ತಂದವರು ಪಾಲ್ ಕ್ಲಿಪ್ಷ್. 1946ರಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದ ಹೋಪ್ ಎಂಬ ಪುಟ್ಟ ಊರಿನಲ್ಲಿ ಅವರು ಶುರುಮಾಡಿದ ಕಂಪನಿ ಕ್ಲಿಪ್ಷ್‌ಹಾರ್ನ್ ಎಂಬ ಮೂಲೆ ಸ್ಪೀಕರನ್ನು ಇವತ್ತಿಗೂ ಮಾರುತ್ತಿದೆ.

ಇಷ್ಟು ಓದಿದವರು ಈಗಲೇ ಒಂದು ಪರೀಕ್ಷೆ ಮಾಡಬಹುದು. ಹೋದ ವರ್ಷದ ಕ್ಯಾಲೆಂಡರಿನ ಒಂದು ದಪ್ಪ ಹಾಳೆಯನ್ನು ಕಡಲೆಕಾಯಿ ಪೊಟ್ಟಣದಂತೆ ಸುತ್ತಿ, ತುದಿಯನ್ನು ಒಂದು ಬೆರಳಗಲ ಕತ್ತರಿಸಿ, ಫೋನಿನ ಸ್ಪೀಕರ್ ತೂತಿಗೆ ಒತ್ತಿ ಹಿಡಿಯಿರಿ. ಹಾಡು ಥಟ್ಟನೆ ಎದ್ದು ನಿಲ್ಲುತ್ತದೆ. ಹಾಡುವವರ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಜೊತೆಗೆ ಯಾರೋ ಮೂಗು ಹಿಡಿದುಕೊಂಡು ಹಾಡಿದಂತೆಯೂ ಆಗುತ್ತದೆ. ಪೊಟ್ಟಣದ ಬಾಯಿಯನ್ನು ಪಕ್ಕಕ್ಕೆ ತಿರುಗಿಸಿದರೆ ಸದ್ದು ಮಂಕು. ತಬಲಾದ ಎಡಗೈ ಪೆಟ್ಟು ಮೊದಲು ಎಷ್ಟಿತ್ತೋ ಅಷ್ಟೇ, ಅಂದರೆ ಇಲ್ಲವೇ ಇಲ್ಲ. ಹಾರ್ನ್ ಸ್ಪೀಕರಿನ ಗುಣ-ದೋಷ ಎರಡೂ ಈ ಒಂದು ಕಾಗದದ ಪೊಟ್ಟಣದಲ್ಲಿವೆ.

ಮೊದಲು ಸದ್ದಿನ ಮಾತು. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಮಾಮೂಲಿ ಮನೆ ಸ್ಪೀಕರ್ ಸುಮಾರು 87 ಡೆಸಿಬೆಲ್ ಕೊಡುತ್ತದೆ. ಕ್ಲಿಪ್ಷ್‌ಹಾರ್ನಿಗೆ ಕಂಪನಿ ಹೇಳುವ ಅಂಕಿ 105. ಹದಿನೆಂಟೇ ಹೆಚ್ಚಲ್ಲವೇ ಅನ್ನಬೇಡಿ. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು, ಹಾಗಾಗಿ 18 ಎಂದರೆ ಅರವತ್ತಮೂರು ಪಟ್ಟು. ಕೊಂಬಿನ ಪೆಟ್ಟಿಗೆ 2 ವ್ಯಾಟಿನಲ್ಲಿ ಮಾಡುವ ಕೆಲಸಕ್ಕೆ ಇನ್ನೊಂದಕ್ಕೆ 126 ವ್ಯಾಟ್ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿಯುವ ನಮ್ಮ ಕಡೆ ಇದು ಪುಸ್ತಕದ ಬದನೆಕಾಯಿ ಅಲ್ಲ. ಒಂದು ಚಿಕ್ಕ ಬ್ಯಾಟರಿ, ಒಂದು ಪುಟ್ಟ ಆಂಪ್ಲಿ ಇದ್ದರೆ ರಾತ್ರಿಯಿಡೀ ಹಾಡು ಕೇಳಬಹುದು. ಶೀಟಿನ ಮೇಲೆ ಮಳೆ ಬಡಿಯುತ್ತಿರುವಾಗ ಅದರ ಮೇಲೇಳಬೇಕೆಂದು ಮಾಮೂಲಿ ಸ್ಪೀಕರಿಗೆ ವಾಲ್ಯೂಮ್ ಕೊಟ್ಟರೆ ಅದರ ಸುರುಳಿ ಕಾದು ಸುಸ್ತಾಗುತ್ತದೆ. ಕೊಟ್ಟಷ್ಟು ಸದ್ದು ಬರುವುದಿಲ್ಲ, ಕೊಟ್ಟಿನ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಕೊಂಬಿನದಕ್ಕೆ ಅದು ಬೆಳಗಿನ ವಾಕಿಂಗ್.

ಇನ್ನೊಂದು ಲಾಭವನ್ನು ಅಂಗಡಿಯವರು ಅಷ್ಟಾಗಿ ಹೇಳುವುದಿಲ್ಲ, ನನಗೆ ಅದೇ ದೊಡ್ಡದು. ಪೊರೆ ಕಡಿಮೆ ಅದುರಿದರೆ ಸಾಕು, ಹಾಗಾಗಿ ಸ್ವರ ಕೆಡುವುದೂ ಕಡಿಮೆ. ಮೃದಂಗದ ಪೆಟ್ಟು ಬೆರಳು ತಾಗಿದ ಗಳಿಗೆಯಲ್ಲೇ ಕಿವಿಗೆ ಬೀಳುತ್ತದೆ. ಸದ್ದು ನಾಲ್ಕು ಗೋಡೆಗೂ ಚೆಲ್ಲದೆ ನೇರ ನಮ್ಮ ಕಡೆ ಬರುವುದರಿಂದ, ರೆಡ್ ಆಕ್ಸೈಡ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ ಇರುವ ಹಾಲಿನಲ್ಲೂ ಮಾತು ಮಸುಕಾಗುವುದಿಲ್ಲ.

ಇನ್ನು ಮೂಗಿನ ದನಿ. ವಾಲಗದ ಕೊಂಬು ಸ್ವರ ಹುಟ್ಟಿಸುವುದೇ ಅಲೆಯ ಒಂದು ಪಾಲನ್ನು ಬಾಯಿಯಿಂದ ಒಳಕ್ಕೆ ಹಿಂದಿರುಗಿಸಿ. ಹೋಗುವ ಅಲೆ, ಬರುವ ಅಲೆ ಸೇರಿದರೆ ತಾನೇ ನಾದ. ಸ್ಪೀಕರಿನ ಕೊಂಬು ಹಾಗೆ ಮಾಡುವಂತಿಲ್ಲ. ಅದರ ಕೆಲಸ ಬೇರೆಯವರ ಹಾಡನ್ನು ದಾಟಿಸುವುದು, ತಾನೇ ಹಾಡುವುದಲ್ಲ. ಬಾಯಿ ಸಾಕಷ್ಟು ದೊಡ್ಡದಿಲ್ಲದಿದ್ದರೆ ಅಲೆ ಹಿಂದಿರುಗುತ್ತದೆ, ಚೊಂಬಿನೊಳಗೆ ಮಾತಾಡಿದ ಹಾಗಾಗುತ್ತದೆ. ಜೀಪಿನ ತಗಡು ಅಷ್ಟು ಕರ್ಕಶವಾಗಿರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಎಷ್ಟು ದೊಡ್ಡ ಬಾಯಿ ಬೇಕು? ಸುಮಾರು ಲೆಕ್ಕ ಹೀಗೆ: ಬಾಯಿಯ ಸುತ್ತಳತೆ, ನುಡಿಸಬೇಕಾದ ಅತಿ ಕೆಳಗಿನ ಸ್ವರದ ಅಲೆಯಷ್ಟು ಉದ್ದ ಇರಬೇಕು. 300 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 300 ಸಲ ಅದುರುವ, ಸ್ವರದ ಅಲೆ 1.14 ಮೀಟರ್, ಅದಕ್ಕೆ ಬಾಯಿ 36 ಸೆಂಟಿಮೀಟರ್ ಅಗಲ. ಒಂದು ಮೊರದಷ್ಟು, ಮನೆಯಲ್ಲಿ ಇಡಬಹುದು. ಆದರೆ 40 ಹರ್ಟ್ಸ್‌ನ ಅಲೆ ಎಂಟೂವರೆ ಮೀಟರ್ ದಾಟುತ್ತದೆ, ಬಾಯಿ ಒಂಬತ್ತು ಅಡಿ ಅಗಲ! ಅಷ್ಟು ದೊಡ್ಡ ಕೊಂಬನ್ನು ಇಟ್ಟರೆ ನಾವು ಅಂಗಳದಲ್ಲಿ ಮಲಗಬೇಕು. ಕ್ಲಿಪ್ಷ್ ಇಲ್ಲಿ ಎರಡು ಚಳಕ ಮಾಡಿದರು. ಕೊಂಬನ್ನು ಪೆಟ್ಟಿಗೆಯೊಳಗೆ ಮಡಚಿದರು. ಕೆಳಸ್ವರದ ಉದ್ದ ಅಲೆಗೆ ತಿರುವಿನ ಪರಿವೆ ಇಲ್ಲ, ಮೇಲುಸ್ವರದ ಗಿಡ್ಡ ಅಲೆಗೆ ಇದೆ, ಅದಕ್ಕೇ ಬೇಸ್ ಕೊಂಬನ್ನು ಮಾತ್ರ ಮಡಚುತ್ತಾರೆ. ಆಮೇಲೆ ಪೆಟ್ಟಿಗೆಯನ್ನು ಕೋಣೆಯ ಮೂಲೆಗೆ ತಳ್ಳಿದರು. ನೆಲ, ಎರಡು ಗೋಡೆ ಸೇರಿ ಕೊಂಬಿನ ಮುಂದುವರಿದ ಭಾಗವಾಗುತ್ತವೆ, ಬಾಯಿಯ ವಿಸ್ತೀರ್ಣ ಎಂಟರಲ್ಲಿ ಒಂದು ಪಾಲಿದ್ದರೆ ಸಾಕಾಗುತ್ತದೆ. ಒಂಬತ್ತು ಅಡಿ ಮೂರಡಿ ಚಿಲ್ಲರೆಗೆ ಇಳಿಯಿತು. ಮನೆಯನ್ನೇ ವಾದ್ಯ ಮಾಡಿಕೊಂಡ ಈ ಬುದ್ಧಿಗೆ ನಾನು ಇವತ್ತಿಗೂ ತಲೆದೂಗುತ್ತೇನೆ.

ಮಡಚಿದ್ದಕ್ಕೂ ದಂಡ ಕಟ್ಟಬೇಕು. ಎರಡು ಮೀಟರ್ ಸುತ್ತಿ ಬರುವ ಬೇಸ್, ನೇರ ಬರುವ ಮೇಲುಸ್ವರಕ್ಕಿಂತ ಸುಮಾರು 6 ಮಿಲಿಸೆಕೆಂಡ್ ತಡ. ಈಗ ಸ್ವರಗಳನ್ನು ಮೇಲು-ಕೆಳಗೆಂದು ಬೇರ್ಪಡಿಸುವ ಡಿಜಿಟಲ್ ಕ್ರಾಸ್‌ಓವರಿನಲ್ಲಿ ಮೇಲುಸ್ವರವನ್ನು ಅಷ್ಟು ಹೊತ್ತು ತಡೆದು ಸರಿದೂಗಿಸಬಹುದು. ಎರಡು-ಮೂರು ಕೊಂಬುಗಳ ಸದ್ದು ಒಂದಾಗಿ ಬೆರೆಯಲು ಮೂರು ಮೀಟರಾದರೂ ದೂರ ಕೂರಬೇಕು. ಹಳೆಯ ನಮೂನೆಯ ಕೊಂಬಾದರೆ ಮೇಲುಸ್ವರ ಟಾರ್ಚಿನ ಬೆಳಕಿನಂತೆ ಒಂದೇ ಕಡೆ ಬೀಳುತ್ತದೆ, ನಡುವಿನ ಕುರ್ಚಿಯವರಿಗೆ ಹಬ್ಬ, ಪಕ್ಕದವರಿಗೆ ಪ್ರಸಾದ. ಹೊಸ ವಿನ್ಯಾಸಗಳಲ್ಲಿ, ಅದರಲ್ಲೂ ವೇವ್‌ಗೈಡ್ ಎಂದು ಕರೆಯುವ ಗಿಡ್ಡ ಕೊಂಬುಗಳಲ್ಲಿ, ಈ ದೋಷ ತುಂಬ ಕಡಿಮೆ. ಅವು ಸದ್ದು ಹೆಚ್ಚಿಸುವುದಕ್ಕಿಂತ ಹರಡುವುದನ್ನು ಹತೋಟಿಗೆ ತರಲು ಇರುವಂಥವು. ಇನ್ನು, ಸ್ಪೀಕರ್ ಇಷ್ಟು ಚುರುಕಾದರೆ ಆಂಪ್ಲಿಫಯರಿನ ಕೊಳೆಯೂ ಕೇಳುತ್ತದೆ. ಬೇರೆ ಪೆಟ್ಟಿಗೆಯಲ್ಲಿ ಕೇಳದ ಸೊಂಯ್ ಎಂಬ ಸದ್ದು, ಅಗ್ಗದ ಇನ್ವರ್ಟರಿನ ಗುಂಯ್, ಎಲ್ಲ ಹಾಜರ್.

1954ರಲ್ಲಿ ಎಡ್ಗರ್ ವಿಲ್ಚರ್ ಎಆರ್-1 ಎಂಬ ಚಿಕ್ಕ ಮುಚ್ಚಿದ ಪೆಟ್ಟಿಗೆಯಲ್ಲಿ ಆಳದ ಬೇಸ್ ಬರಿಸಿ ತೋರಿಸಿದರು. ನಾಲ್ಕೇ ವರ್ಷಕ್ಕೆ ಸ್ಟೀರಿಯೊ ರೆಕಾರ್ಡ್ ಬಂತು, ಮನೆಗೆ ಎರಡೆರಡು ಸ್ಪೀಕರ್ ಬೇಕಾದವು. ಕಪಾಟಿನಷ್ಟು ದೊಡ್ಡ ಎರಡು ಪೆಟ್ಟಿಗೆಗೆ ಜಾಗ ಎಷ್ಟು ಮನೆಯಲ್ಲಿತ್ತು? ವ್ಯಾಟ್ ಅಗ್ಗವಾಯಿತು, ಕೊಂಬು ಹವ್ಯಾಸಿಗಳ ಪಾಲಾಯಿತು.

ನಾನೂ ಆ ಹವ್ಯಾಸಿಗಳಲ್ಲಿ ಒಬ್ಬನಾಗಿ ಕೈ ಸುಟ್ಟುಕೊಂಡಿದ್ದೇನೆ. ಕೋನಿನ ಬೆನ್ನಿನ ಸದ್ದನ್ನು ಕೊಂಬಿಗೆ ಹಾಯಿಸುವ ಬ್ಯಾಕ್ ಲೋಡೆಡ್ ಎಂಬ ನಮೂನೆ ಇದೆ. ಅದನ್ನು ಬಡಗಿ ಹತ್ತಿರ ಮಾಡಿಸುವಾಗ ದುಡ್ಡು ಉಳಿಸಲು ಮಾಮೂಲಿ ಕಮರ್ಷಿಯಲ್ ಪ್ಲೈವುಡ್ ಕೊಟ್ಟೆ. ಬೇಸಿಗೆಯಲ್ಲಿ ಸೊಗಸಾಗಿ ಹಾಡಿತು. ಆಟಿಯ ಮಳೆಗೆ ಹಲಗೆ ಉಬ್ಬಿ, ಒಳಗಿನ ಒಂದು ಪಟ್ಟಿ ಅಂಟು ಬಿಟ್ಟು, ಪ್ರತಿ ಬೇಸ್ ಸ್ವರಕ್ಕೂ ಜಿರ್ರ್ ಎನ್ನತೊಡಗಿತು. ಮಡಚಿದ ಕೊಂಬಿನೊಳಗೆ ಕೈ ಹೋಗುವುದಿಲ್ಲ, ಹಿಂಬದಿ ಗರಗಸದಲ್ಲಿ ಕೊಯ್ಯಬೇಕಾಯಿತು. ಕೊಯ್ದು ನೋಡಿದರೆ ಎರಡನೇ ತಿರುವಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಕೊಡಗಿನಲ್ಲಿ ಮಾಡಿಸುವವರು ಐಎಸ್ 710 ಎಂದು ಮುದ್ರೆಯಿರುವ ಮೆರೈನ್ ಪ್ಲೈ ತನ್ನಿ, ಒಳಗೂ ವಾರ್ನಿಷ್ ಹೊಡೆಸಿ, ಬಾಯಿಗೆ ಬಲೆ ಹಾಕಿಸಿ.

ಮಾವನಿಗೆ ಟೇಪು ತೆಗೆದುಕೊಂಡು ಹಾಲಿನ ಮೂಲೆಗಳನ್ನು ಅಳೆಯಲು ಹೇಳಿದೆ. ಎರಡು ಸ್ಪೀಕರಿಗೆ ಎರಡು ಖಾಲಿ ಮೂಲೆ ಬೇಕು, ಅದೂ ಒಂದೇ ಗೋಡೆಯ ಎರಡು ತುದಿಯಲ್ಲಿ. ಅವರ ಮನೆಯಲ್ಲಿ ಒಂದು ಮೂಲೆಗೆ ಅಡುಗೆಮನೆಯ ಬಾಗಿಲು. "ಬಾಗಿಲು ಆ ಕಡೆಗೆ ತೆಗೆಸಿದರಾಯ್ತಲ್ಲ" ಎಂದರು ಮಾವ. ಆಮೇಲೆ ಫೋನ್ ಅತ್ತೆಯ ಕೈಗೆ ಹೋಯಿತು, ಆ ವಿಷಯ ಅಲ್ಲಿಗೇ ಮುಗಿಯಿತು.

ಕೊನೆಗೆ ನಡುದಾರಿ ಹಿಡಿದೆವು. ಕೆಳಗೆ ಬೇಸ್ ಸ್ವರಕ್ಕೆ 15 ಇಂಚಿನ ಮಾಮೂಲಿ ವೂಫರ್, ಮೇಲೆ ನಡುಸ್ವರ-ಮೇಲುಸ್ವರಕ್ಕೆ ಮೊರದಗಲದ ಒಂದು ಕೊಂಬು. ಅಂಥ ವೂಫರ್ 95 ಡೆಸಿಬೆಲ್ ಆಸುಪಾಸು ಕೊಡುವುದರಿಂದ ಕೊಂಬಿನ ಜೋರನ್ನು ಅದಕ್ಕೆ ಸಮವಾಗುವಷ್ಟು ತಗ್ಗಿಸಬೇಕಾಗುತ್ತದೆ. ಚುರುಕಿನಲ್ಲಿ ಒಂದಿಷ್ಟು ಬಿಟ್ಟುಕೊಟ್ಟ ಹಾಗೆಯೇ. ಆದರೂ ಮಾಮೂಲಿ ಪೆಟ್ಟಿಗೆಗಿಂತ 8 ಡೆಸಿಬೆಲ್ ಮುಂದೆ, ಅಂದರೆ ಆರನೇ ಒಂದು ಪಾಲು ವ್ಯಾಟಿನಲ್ಲಿ ಅಷ್ಟೇ ಸದ್ದು. ಮೊನ್ನೆ ಹೋದಾಗ ಕರೆಂಟ್ ಇರಲಿಲ್ಲ, ಹೊರಗೆ ಮಳೆ ಹೊಯ್ಯುತ್ತಿತ್ತು, ಬ್ಯಾಟರಿಯಲ್ಲಿ ಕದ್ರಿಯವರ ಸ್ಯಾಕ್ಸೋಫೋನ್ ಹಾಡುತ್ತಿತ್ತು. ಅತ್ತೆ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಮಾವನಿಗೆ ಪಕ್ಕದ ಸ್ಟೂಲು.