ಸ್ಕ್ಯಾನ್‌ಲೇಷನ್ ಅಂದರೆ ಏನು, ಅದರ ಮರ್ಯಾದೆ ಏನು?

ಜೋರು ಮಳೆಗೆ ಕಾಲೇಜಿಗೆ ರಜೆ ಕೊಟ್ಟ ದಿನ. ಶಿರಸಿಯ ಮನೆಯಲ್ಲಿ ಕರೆಂಟ್ ಬಂದು ಹೋಗಿ ಮಾಡುತ್ತಿತ್ತು. ಅಕ್ಕನ ಮಗಳು ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುವುದರೊಳಗೆ ಏನನ್ನೋ ಮುಗಿಸುವ ಗಡಿಬಿಡಿಯಲ್ಲಿದ್ದಳು. ಪರದೆಯ ಮೇಲೆ ಜಪಾನಿನ ಕಾಮಿಕ್ಸ್ ಪುಟ. ಮಾತಿನ ಗುಳ್ಳೆಗಳೆಲ್ಲ ಖಾಲಿ.

"ಎಂತದೇ ಕೂಸೇ ಇದು?"

"ಸ್ಕ್ಯಾನ್‌ಲೇಷನ್ ಮಾವ. ಒಂದ್ನಿಮಿಷ."

ಸ್ಕ್ಯಾನ್ ಮತ್ತು ಟ್ರಾನ್ಸ್‌ಲೇಷನ್ ಎರಡನ್ನೂ ಬೆಸೆದು ಮಾಡಿದ ಪದ ಇದು. ಅಭಿಮಾನಿಗಳು ಕಾಮಿಕ್ಸನ್ನು ಸ್ಕ್ಯಾನ್ ಮಾಡಿ, ಗುಳ್ಳೆಯೊಳಗಿನ ಮಾತು ಅಳಿಸಿ, ತಮ್ಮ ಭಾಷೆಯ ಮಾತು ತುಂಬಿ ಬಿಟ್ಟಿಯಾಗಿ ಹಂಚುವ ಕೆಲಸ. ಹೆಚ್ಚಾಗಿ ಮಾಂಗಾಗಳದ್ದು, ಅಂದರೆ ಜಪಾನಿನ ಕಾಮಿಕ್ಸಿನದ್ದು. ಅನುವಾದವಾಗದ ಮೂಲ ಪುಟಕ್ಕೆ 'ರಾ' ಅನ್ನುತ್ತಾರೆ. ಅಕ್ಷರ ಅಳಿಸುವಾಗ ಜೊತೆಗೇ ಹೋದ ಚಿತ್ರವನ್ನು ಮತ್ತೆ ಬರೆಯುವುದು ರೀಡ್ರಾ. ಹೊಸ ಮಾತು ಕೂರಿಸುವುದು ಟೈಪ್‌ಸೆಟ್. ಒಂದು ಗುಂಪಿನಲ್ಲಿ ಐದಾರು ಜನ ಇರಬಹುದು, ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ.

ಟೈಪ್‌ಸೆಟ್ ಅಂದರೆ ಸುಮ್ನೆ ಟೈಪ್ ಮಾಡುವುದು ಅಂದುಕೊಂಡಿದ್ದೆ. ಮಾಂಗಾದಲ್ಲಿ ಜಪಾನಿ ಮಾತು ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಗುಳ್ಳೆ ಉದ್ದ ಜಾಸ್ತಿ, ಅಗಲ ಕಮ್ಮಿ. ಕನ್ನಡದ ಪದ ಅಡ್ಡಕ್ಕೆ ಬೆಳೆಯುತ್ತದೆ, ಕೆಳಗೆ ಒತ್ತಕ್ಷರ ಬೇರೆ ಜೋತುಬೀಳುತ್ತದೆ. 'ನಂಬಿಕೊಂಡಿದ್ದೇನೆ' ಎಂಬ ಒಂದು ಪದಕ್ಕೆ ಅವಳು ಕಾಲು ಗಂಟೆ ಒದ್ದಾಡಿದಳು. 'ನಂಬಿದ್ದೆ' ಅಂದರೆ ಈಗ ನಂಬಿಕೆ ಇಲ್ಲ ಅಂತಾಗುತ್ತದೆ, ಕತೆಯೇ ತಿರುಗುತ್ತದೆ. ಕೊನೆಗೆ 'ನಂಬಿದೀನಿ' ಕೂತಿತು. ಮುಂದಿನ ಚೌಕದಲ್ಲಿ ಮಳೆ. ಜೋರು ಮಳೆಗೆ ಜಪಾನಿಯಲ್ಲಿ 'ಝಾ' ಅಂತ ದೊಡ್ಡದಾಗಿ ಚಿತ್ರದೊಳಗೇ ಬರೆದಿರುತ್ತಾರೆ. ಇವಳು ಅಂಗಳದ ಕಡೆ ಒಮ್ಮೆ ಕಿವಿಗೊಟ್ಟು 'ಧೋ' ಅಂತ ಹಾಕಿದಳು. ಮಳೆಯ ಸದ್ದಿಗೆ ಶಿರಸಿಯವರು ಡಿಕ್ಷನರಿ ತೆಗೆಯಬೇಕಾ?

ಇಷ್ಟು ಕಷ್ಟಪಟ್ಟರೂ ಕಾನೂನಿನ ಲೆಕ್ಕದಲ್ಲಿ ಇದು ತಪ್ಪೇ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮು ಅನುವಾದ ಮಾಡುವ ಹಕ್ಕನ್ನೂ ಹಕ್ಕುದಾರರ ಕೈಗೇ ಕೊಟ್ಟಿದೆ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಉಳಿಯುತ್ತದೆ. ದುಡ್ಡು ತಗೊಂಡಿಲ್ಲ ಅನ್ನುವುದು ಒಳ್ಳೆಯ ಮಾತು, ಆದರೆ ಅದು ಅನುಮತಿ ಆಗುವುದಿಲ್ಲ.

ಇದು ಅಭಿಮಾನಿಗಳಿಗೂ ಗೊತ್ತು. ಅದಕ್ಕೇ ಅವರೊಳಗೇ ಒಂದಷ್ಟು ರೀತಿ ರಿವಾಜು ಬೆಳೆದಿದೆ. ಮಾರಬಾರದು. ಚಿತ್ರ ಬರೆದವರ ಹೆಸರು ತೆಗೆಯಬಾರದು (ಯಕ್ಷಗಾನದ ಕರಪತ್ರದಲ್ಲಿ ಪ್ರಸಂಗಕರ್ತರ ಹೆಸರು ಬಿಟ್ಟರೆ ಹೇಗಿರುತ್ತದೆ ಹೇಳಿ). ಎಲ್ಲಕ್ಕಿಂತ ದೊಡ್ಡದು: ಅಧಿಕೃತ ಅನುವಾದ ಬಂದ ದಿನ ನಿಲ್ಲಿಸಬೇಕು, ಹಾಕಿದ್ದನ್ನು ತೆಗೆಯಬೇಕು. ನೆರೆಮನೆಯ ಏಣಿ ತಂದಿದ್ದೇವೆ, ಅವರು ಕೇಳಿದ ಕೂಡಲೇ ಕೊಡಬೇಕು ಎಂಬ ಹಾಗೆ. ಎಲ್ಲ ಗುಂಪುಗಳೂ ಇದನ್ನು ಪಾಲಿಸುತ್ತವೆ ಅಂತಲ್ಲ.

ಕನ್ನಡದಲ್ಲಿ ಈ ನಿಯಮ ಸಿಕ್ಕಿಹಾಕಿಕೊಳ್ಳುತ್ತದೆ. ಅಧಿಕೃತ ಅಂದರೆ ಯಾವ ಭಾಷೆಯಲ್ಲಿ? ಜಪಾನಿನ ಶೂಏಶಾ ಪ್ರಕಾಶನ 2019ರಲ್ಲಿ 'ಮಾಂಗಾ ಪ್ಲಸ್' ಅಂತ ಆ್ಯಪ್ ತಂದಿತು. ಹೊಸ ಕಂತುಗಳನ್ನು ಅಲ್ಲಿ ಬಿಟ್ಟಿಯಾಗಿ ಓದಬಹುದು. ಇಂಗ್ಲಿಷ್, ಸ್ಪ್ಯಾನಿಷ್, ಥಾಯ್, ಇಂಡೊನೇಷ್ಯನ್ ಎಲ್ಲ ಇವೆ. ಕನ್ನಡ ಇಲ್ಲ. ಇಂಗ್ಲಿಷಿನಲ್ಲಿ ಬಂತು ಅಂತ ಕನ್ನಡದವರು ನಿಲ್ಲಿಸಬೇಕೋ? "ನಮ್ಮ ಅಜ್ಜಿಗೆ ಇಂಗ್ಲಿಷ್ ಬರ್ತದಾ?" ಅಂತ ಅಕ್ಕನ ಮಗಳ ವಾದ. ಅಜ್ಜಿ ಸಮುರಾಯ್ (ಜಪಾನಿನ ಹಳೆಯ ಕಾಲದ ಯೋಧರು) ಕತೆ ಓದುತ್ತಾಳೋ ಎಂಬುದು ಬೇರೆ ಮಾತು. ನನಗೆ ಅವಳ ವಾದದಲ್ಲಿ ಅರ್ಧ ಹುರುಳು ಕಾಣುತ್ತದೆ. ಮುಂದೆ ಯಾರಾದರೂ ಕನ್ನಡಕ್ಕೆ ಹಕ್ಕು ಕೊಳ್ಳಲು ಹೊರಟರೆ ಬಿಟ್ಟಿ ಪ್ರತಿ ಆಗಲೇ ಓಡಾಡುತ್ತಿರುತ್ತದಲ್ಲ, ಉಳಿದರ್ಧ ಅಲ್ಲಿ ಬಿದ್ದುಹೋಗುತ್ತದೆ.

ಇನ್ನೊಂದು ತಮಾಷೆ ಇದೆ. ಇವಳಿಗೆ ಜಪಾನಿ ಬರುವುದಿಲ್ಲ. ಇಂಗ್ಲಿಷ್ ಗುಂಪೊಂದು ಮಾಡಿದ ಅನುವಾದದಿಂದಲೇ ಕನ್ನಡಕ್ಕೆ ತರುತ್ತಾಳೆ. ಹೀಗೆ ಮಾಡುವ ಮೊದಲು ಆ ಗುಂಪನ್ನು ಕೇಳಬೇಕು, ಅವರ ಹೆಸರು ಹಾಕಬೇಕು ಎಂಬುದು ಪದ್ಧತಿ. ಇವಳು ಕೇಳಿದ್ದಳು, ಅವರು ಖುಷಿಯಿಂದ ಒಪ್ಪಿದ್ದರು. ಕೇಳದೆ ತೆಂಗಿನಕಾಯಿ ಕೊಯ್ದವನ ಹತ್ತಿರ ವಿನಯದಿಂದ ಎರಡು ಕಾಯಿ ಕೇಳಿ ತಂದ ಹಾಗಾಯಿತು. ತೋಟದ ಯಜಮಾನರಿಗೆ ಸುದ್ದಿಯೇ ಇಲ್ಲ.

ಅಭಿಮಾನಿಗಳೇ ಬೈಯುವ ಜನರೂ ಇದ್ದಾರೆ. ಇವರ ಪುಟಗಳನ್ನು ಎತ್ತಿಕೊಂಡು ಹೋಗಿ ಜಾಹೀರಾತು ಸೇರಿಸಿ ದುಡ್ಡು ಮಾಡುವವರು. ಸಂಚಿಕೆ ಅಂಗಡಿಗೆ ಬರುವ ಮೊದಲೇ ಪುಟ ಹೊರಹಾಕುವವರು. 2024ರಲ್ಲಿ ಜಪಾನಿನ ಕುಮಾಮೊಟೊ ಪೊಲೀಸರು ಇಂಥದ್ದೇ ಪ್ರಕರಣದಲ್ಲಿ ಇಬ್ಬರನ್ನು ಹಿಡಿದಿದ್ದರು. ಕದ್ದ ಪುಟದ ಲಿಂಕನ್ನು ಮೂಲ ಕಲಾವಿದರಿಗೇ ಕಳಿಸಿ "ಸೂಪರ್ ಸಾರ್" ಅನ್ನುವವರಿಗೆ ಏನು ಹೇಳುವುದೋ ಗೊತ್ತಿಲ್ಲ.

ಯಾರ ಹಂಗೂ ಇಲ್ಲದೆ ಅನುವಾದ ಮಾಡುವ ದಾರಿಯೂ ಇದೆ. ಫ್ರಾನ್ಸಿನ ಡೇವಿಡ್ ರೆವೊಯ್ 2014ರಿಂದ ಬರೆಯುತ್ತಿರುವ 'ಪೆಪ್ಪರ್ ಅಂಡ್ ಕ್ಯಾರೆಟ್' ಕಾಮಿಕ್ಸ್ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಹೆಸರು ಹಾಕಿದರೆ ಸಾಕು, ಯಾರು ಬೇಕಾದರೂ ಅನುವಾದಿಸಬಹುದು. ಮಾತುಗಳ ಫೈಲೇ ಬೇರೆ ಇರುವುದರಿಂದ ಅಳಿಸುವ, ಚಿತ್ರ ತಿದ್ದುವ ಕೆಲಸವೂ ಇಲ್ಲ. ಇದನ್ನು ತೋರಿಸಿದೆ. ಅಕ್ಕನ ಮಗಳು ನಾಲ್ಕು ಪುಟ ನೋಡಿದಳು. ಪುಟ್ಟ ಮಾಟಗಾತಿ, ಅವಳ ಬೆಕ್ಕು.

"ಚೆನ್ನಾಗಿದೆ ಮಾವ. ಆದರೆ ಸಮುರಾಯ್ ಇಲ್ವಲ್ಲ."